ಇಬ್ಬರಿಗೆ ಒಂದೇ ಹೆಬ್ಬೆರಳು

ಫೆಬ್ರವರಿ 6

ತಂಗೀ,

ನೋಡಿದ ಕೂಡಲೇ ಹರಿದು ಹಾಕಬೇಡ. ಹರಿಯುವುದೇ ಆದರೆ ಓದಿ ಹರಿ. ಏಳು ವರ್ಷ ಮಾತು ಬಿಟ್ಟವಳು ಈಗ ಬರೆಯುತ್ತಿದ್ದಾಳೆ ಅಂದರೆ ಏನೋ ಕೆಲಸ ಇರಬೇಕು ಅಂದುಕೊಳ್ಳುತ್ತೀಯ. ಹೌದು, ಕೆಲಸ ಇದೆ. ನಿನ್ನ ಹತ್ತಿರ ನಾಟಕ ಆಡಿ ನನಗೆ ಅಭ್ಯಾಸವಿಲ್ಲ.

ವಿಳಾಸ ಕೊಟ್ಟದ್ದು ನಿನ್ನ ಹೊಲಿಗೆ ಯಂತ್ರಗಳನ್ನು ರಿಪೇರಿ ಮಾಡುತ್ತಿದ್ದ ಮುದುಕ. ಫೋನ್ ನಂಬರ್ ಕೇಳಿದೆ. "ವಸೂಲಿಯವರ ಕಾಟಕ್ಕೆ ಅವಳು ಫೋನೇ ಇಟ್ಕೊಂಡಿಲ್ಲಮ್ಮ, ಕಾಗದ ಬರೀರಿ" ಅಂದ.

ನಾನು, ನಿನ್ನ ಭಾವ ಒಂದು ಮಗುವನ್ನು ದತ್ತು ತೆಗೆದುಕೊಳ್ಳಲು ಅರ್ಜಿ ಹಾಕಿದ್ದೇವೆ. ನಾಲ್ಕು ವರ್ಷದ ಹುಡುಗಿ. ಬ್ರೆಡ್ಡನ್ನು ಚೂರು ಚೂರು ಮಾಡಿ ಹೆಕ್ಕಿ ತಿನ್ನುತ್ತಾಳೆ ಅಂತ ಮಕ್ಕಳ ಮನೆಯಲ್ಲಿ ಎಲ್ಲರೂ ಗುಬ್ಬಿ ಅನ್ನುತ್ತಾರೆ. ಎಂಟು ತಿಂಗಳಿಂದ ಪ್ರತಿ ಭಾನುವಾರ ಹೋಗುತ್ತಿದ್ದೆ. ಮೊದಲೆರಡು ತಿಂಗಳು ಬೆಂಚಿನ ಆ ತುದಿಯಲ್ಲಿ ಅವಳು, ಈ ತುದಿಯಲ್ಲಿ ನಾನು. ಆಮೇಲೆ ಕೇಳದೆ ನನ್ನ ಚೀಲಕ್ಕೆ ಕೈ ಹಾಕುವಷ್ಟು ಸಲಿಗೆ ಬೆಳೆಯಿತು. ನನ್ನನ್ನು ಇನ್ನೂ ಏನಂತಲೂ ಕರೆಯುವುದಿಲ್ಲ, ಬೇಕಾದಾಗ ತೋಳು ಹಿಡಿದು ಎಳೆಯುತ್ತಾಳೆ. ಅಲ್ಲಿನ ಮೇಲ್ವಿಚಾರಕಿ ದಿನಚರಿ ಪುಸ್ತಕವನ್ನು ಕಂಕುಳಲ್ಲೇ ಇಟ್ಟುಕೊಂಡು ತಿರುಗುವ ಹೆಂಗಸು. ಯಾವ ಮಗುವಿನ ಅಂಗಿಯ ಗುಂಡಿ ಕಿತ್ತುಹೋದರೂ ಗಂಟೆ, ನಿಮಿಷ ಹಾಕಿ ಬರೆಯುತ್ತಾಳೆ. ಅವಳ ಕಣ್ಣು ತಪ್ಪಿಸಿ ಗುಬ್ಬಿಗೆ ಒಂದು ಬಿಸ್ಕತ್ತು ಹೆಚ್ಚಿಗೆ ಕೊಡುವುದು ನನ್ನ ವಾರದ ದೊಡ್ಡ ಸಾಹಸವಾಗಿತ್ತು.

ಈಗ ಅದೂ ಇಲ್ಲ. ದತ್ತು ಮಂಡಳಿಯವರು ನಮ್ಮಿಬ್ಬರ ಸಾಲದ ದಾಖಲೆ ತರಿಸಿದ್ದಾರೆ. ನಿನ್ನ ಭಾವನದು ಸರಿಯಾಗಿದೆ. ನನ್ನದರಲ್ಲಿ "ಸುಸ್ತಿದಾರರು" ಅಂತ ಕೆಂಪಕ್ಷರದಲ್ಲಿದೆ. ಆರು ಹೊಲಿಗೆ ಯಂತ್ರಗಳಿಗೆ ತೆಗೆದ ಸಾಲವಂತೆ, ಏಳು ವರ್ಷದಿಂದ ಕಂತು ಕಟ್ಟಿಲ್ಲವಂತೆ. ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು ನಾನು. ಸೂಜಿಗೆ ದಾರ ಪೋಣಿಸಲೂ ನೀನೇ ಬೇಕಾಗಿತ್ತು. ವಿಳಾಸ ನೋಡಿದರೆ ನಿನ್ನ ಹಳೆಯ ಅಂಗಡಿಯದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು.

ಮಂಡಳಿಯ ಸಭೆ ಮೇ 20ಕ್ಕೆ. ಅಷ್ಟರೊಳಗೆ ದಾಖಲೆ ಸರಿಹೋಗದಿದ್ದರೆ ಗುಬ್ಬಿ ಪಟ್ಟಿಯಲ್ಲಿರುವ ಮುಂದಿನ ದಂಪತಿಗೆ ಹೋಗುತ್ತಾಳೆ. ಅಲ್ಲಿಯವರೆಗೆ ಭಾನುವಾರದ ಭೇಟಿಯೂ ಬಂದ್. "ಮಗು ಹಚ್ಕೊಂಡ ಮೇಲೆ ಇಲ್ಲ ಅಂದ್ರೆ ಅದಕ್ಕೆ ಕಷ್ಟ ಅಲ್ವಾ" ಅಂದರು. ನನಗೆ ಕಷ್ಟವೋ ಅಂತ ಯಾರೂ ಕೇಳಲಿಲ್ಲ. ಮೊನ್ನೆ ಭಾನುವಾರ ಗೇಟಿನವರೆಗೆ ಹೋಗಿ ವಾಪಸು ಬಂದೆ.

ಈ ಸಾಲ ನನ್ನದು, ಅಕ್ಕನದಲ್ಲ ಅಂತ ಎರಡು ಸಾಲು ಬರೆದು ಸಹಿ ಹಾಕಿ ಕಳಿಸು. ಕೈ ಮುಗಿಯುತ್ತೇನೆ.

ನಿನ್ನ ಅಕ್ಕ
(ಹನ್ನೊಂದೇ ನಿಮಿಷಕ್ಕಾದರೂ ಅಕ್ಕನೇ)


ಫೆಬ್ರವರಿ 15

ಅಕ್ಕನಿಗೆ,

ಕಾಗದ ಬಂತು. ಓದಿದೆ. ಹರಿದಿಲ್ಲ.

ಸಾಲ ನನ್ನದೇ. ಅಲ್ಲ ಅಂತ ಯಾವತ್ತು ಹೇಳಿದೆ? ನನ್ನ ಹೆಸರಿನಲ್ಲಿ ತೆಗೆದೆ, ನನ್ನ ಅಂಗಡಿಗೆ ಹಾಕಿದೆ, ನಾನೇ ಮುಳುಗಿದೆ. ನಿನ್ನ ಹೆಸರಿನ ತಂಟೆಗೆ ನಾನು ಬಂದಿಲ್ಲ. ನಿನಗೆ ನಿಜವಾಗಿ ಮರೆತಿದೆಯೋ, ಮರೆತರೆ ಅನುಕೂಲವೋ ನನಗೆ ಗೊತ್ತಿಲ್ಲ. ಆ ಸಾಲದ ಮೂಲ ಕಾಗದಗಳನ್ನು ತರಿಸಿ ನೋಡು. ಕನ್ನಡಕದ ಅಂಗಡಿಯವಳು ತಾನೆ, ಸರಿಯಾದ ಒಂದು ಜೋಡಿ ಹಾಕಿಕೊಂಡು ನೋಡು.

ನೀನು ಕೇಳಿದ ಚೀಟಿ ಇದರ ಜೊತೆಗಿದೆ. ಉಪಯೋಗಕ್ಕೆ ಬರುವುದಿಲ್ಲ ಅಂತ ನನಗೆ ಗೊತ್ತು, ಆದರೂ ಬರೆದಿದ್ದೇನೆ. ವಿಳಾಸ ಯಾರಿಗೂ ಕೊಡಬೇಡ. ಆಸ್ಪತ್ರೆಯ ಬಟ್ಟೆ ಒಗೆಯುವ ಲಾಂಡ್ರಿಯಲ್ಲಿದ್ದೇನೆ. ಹಿಂದೆ ಎರಡು ಸಲ ವಸೂಲಿಯವರು ಬಾಗಿಲಿಗೆ ಬಂದು ನಿಂತದ್ದಕ್ಕೇ ಕೆಲಸ ಹೋಗಿತ್ತು.

ಮಗು ಬ್ರೆಡ್ ಮುರಿಯುವುದು ಯಾವ ಕೈಯಲ್ಲಿ?

ತಂಗಿ


ಮಾರ್ಚ್ 22

ತಂಗೀ,

ಎಡಗೈಯಲ್ಲಿ. ನಿನ್ನ ಹಾಗೆ.

ನಿನ್ನ ಚೀಟಿ ಲಗತ್ತಿಸಿ, ಎಲ್ಲರ ಸಾಲದ ಲೆಕ್ಕ ಬರೆದಿಡುವ ದಾಖಲೆ ಕಂಪನಿಗೆ ದೂರು ಕೊಟ್ಟೆ. ಸರಿಯಾಗಿ ಮೂವತ್ತು ದಿನ ಕಾಯಿಸಿ ಒಂದೂವರೆ ಸಾಲಿನ ಉತ್ತರ ಕಳಿಸಿದರು: "ತಮ್ಮ ದೂರನ್ನು ಪರಿಶೀಲಿಸಲಾಗಿದ್ದು, ದಾಖಲೆ ಸರಿಯಾಗಿದೆ." ರಜೆ ಹಾಕಿ ಅವರ ಕಚೇರಿಗೇ ಹೋದೆ. ಗಾಜಿನ ಹಿಂದೆ ಕೂತವನು ಒಳ್ಳೆಯವನೇ, ಕುರ್ಚಿ ತೋರಿಸಿದ. "ಸಾಲ ಕೊಟ್ಟೋರು ಸರಿ ಅಂದ್ರೆ ನಮಗೂ ಸರಿ ಮೇಡಂ. ನಾವು ಬರೀ ಬರೆದಿಟ್ಕೊಳ್ಳೋರು" ಅಂದ. ಸಾಲ ಕೊಟ್ಟವರ ಹತ್ತಿರ ಹೋದರೆ, "ನಮ್ಮಲ್ಲಿ ಎಲ್ಲಾ ಸರಿಯಾಗೇ ಇದೆ, ದಾಖಲೆಯವರನ್ನ ಕೇಳಿ" ಅಂದರು. ಮೂರು ಸಲ ಅಲ್ಲಿಂದ ಇಲ್ಲಿಗೆ, ಇಲ್ಲಿಂದ ಅಲ್ಲಿಗೆ. ನಿನ್ನ ಭಾವ ಲಿಫ್ಟ್ ಮೆಕ್ಯಾನಿಕ್ ಅಲ್ಲವೇ, "ಎರಡು ಮಹಡಿ ಮಧ್ಯೆ ನಿಂತಿರೋ ಲಿಫ್ಟಲ್ಲಿ ಸಿಕ್ಕೊಂಡಿದ್ದೀಯ, ಗುಂಡಿ ಒತ್ತಿ ಪ್ರಯೋಜನ ಇಲ್ಲ, ಕೂಗ್ಬೇಕು" ಅಂದರು.

ಕೂಗುವುದು ಹೇಗೆ ಅಂತ ಹೇಳಿಕೊಟ್ಟವರು ಕೆಳಗಿನ ಮನೆಯ ಮುದುಕಿ. ವಕೀಲರ ಹತ್ತಿರ ನಲವತ್ತು ವರ್ಷ ಟೈಪಿಸ್ಟ್ ಆಗಿದ್ದವರು. ಮಾಹಿತಿ ರಕ್ಷಣೆಗೆ ಅಂತಲೇ ಒಂದು ಕಾನೂನು ಇದೆಯಂತೆ. ನಮ್ಮ ಬಗ್ಗೆ ಯಾರು ಏನು ಬರೆದಿಟ್ಟುಕೊಂಡಿದ್ದರೂ ಕೇಳಿದರೆ ತೋರಿಸಬೇಕು. ತಪ್ಪಿದ್ದರೆ ತಿದ್ದಬೇಕು. ತಿದ್ದುವುದಿಲ್ಲ ಅಂದರೆ ಯಾಕೆ ಅಂತ ಬರೆದು ಕೊಡಬೇಕು. ಇದಕ್ಕೆಂದೇ ಕಂಪನಿಯಲ್ಲಿ ಒಬ್ಬ ಅಧಿಕಾರಿ ಇರುತ್ತಾರಂತೆ. "ಬೇಡ್ಕೋಬೇಡ, ಕೇಳು. ನಿನ್ನದನ್ನ ನೀನು ಕೇಳ್ತಿರೋದು" ಅಂತ ಹೇಳಿ ಅರ್ಜಿಯನ್ನು ತಾವೇ ಟೈಪ್ ಮಾಡಿಕೊಟ್ಟರು. ನನ್ನ ಬಗ್ಗೆ ನಿಮ್ಮಲ್ಲಿರುವ ಎಲ್ಲದರ ನಕಲು ಕೊಡಿ ಅಂತ ಬರೆದಿದ್ದೇವೆ. ನೀನು ಹೇಳಿದ ಮೂಲ ಕಾಗದಗಳೂ ಬರುತ್ತವೆ.

ಏನನ್ನು ಮರೆತಿದ್ದೇನೆ ಅಂತ ತಲೆ ಕೆರೆದುಕೊಂಡು ಸಾಕಾಗಿದೆ. ಒಗಟಿನ ಹಾಗೆ ಬರೆಯುವ ಬದಲು ನೇರವಾಗಿ ಹೇಳಬಾರದಿತ್ತೇ?

ಭಾನುವಾರ ಬಂದರೆ ಕೈಕಾಲು ಆಡುವುದಿಲ್ಲ. ಮಕ್ಕಳ ಮನೆಯ ಹಿಂದಿನ ಬೀದಿಯಲ್ಲಿ ಗೋಡೆಗೆ ಒರಗಿ ನಿಲ್ಲುತ್ತೇನೆ. ಒಳಗೆ ಮಕ್ಕಳೆಲ್ಲ ಒಟ್ಟಿಗೆ ಕೂಗುತ್ತಿರುತ್ತವೆ, ಅವಳ ದನಿ ಯಾವುದು ಅಂತ ತಿಳಿಯುವುದಿಲ್ಲ.

ಅಕ್ಕ


ಏಪ್ರಿಲ್ 12

ತಂಗೀ,

ನಿನ್ನೆ ಲಕೋಟೆ ಬಂತು. ಮೂವತ್ತೊಂದು ಹಾಳೆ. ಹತ್ತೊಂಬತ್ತನೆಯ ಹಾಳೆಯಲ್ಲಿ ಸಾಲ ತೆಗೆದವಳ ಫೋಟೋ. ಮೈಮೇಲೆ ನಿನ್ನ ನೀಲಿ ಸ್ವೆಟರ್, ಮೇಲಿನಿಂದ ಎರಡನೆಯ ಗುಂಡಿ ಇಲ್ಲ. ಮುಖ ನನ್ನದು.

ನೆನಪಾಯಿತು. ಒಂಬತ್ತು ವರ್ಷದ ಹಿಂದೆ, ನೀನು ಆಸ್ಪತ್ರೆಯಲ್ಲಿ ಬಾಗಿಲ ಪಕ್ಕದ ಹಾಸಿಗೆಯಲ್ಲಿ ಮಲಗಿದ್ದೆ. ಹಿಂದಿನ ದಿನವೇ ನಿನ್ನ ಹೊಟ್ಟೆಯಲ್ಲಿದ್ದ ಮಗು ಹೋಗಿತ್ತು. ಸಾಲಕ್ಕೆ ಸಹಿ ಹಾಕಲು ಅಂದೇ ಕೊನೆಯ ದಿನ. ತಪ್ಪಿದರೆ ಯಂತ್ರಗಳು ಬೇರೆಯವರ ಪಾಲು. ನೀನು ಗೋಡೆಯ ಕಡೆ ತಿರುಗಿ, "ಹೋಗ್ಲಿ ಬಿಡೇ, ಏನೂ ಬೇಡ" ಅಂದೆ. ನಾನು ಬಿಡಲಿಲ್ಲ. ನಿನ್ನ ಸ್ವೆಟರ್ ಹಾಕಿಕೊಂಡು, ನಿನ್ನ ಗುರುತಿನ ಚೀಟಿ ಹಿಡಿದು, ನಿನ್ನ ಹಾಗೆ ಬೈತಲೆ ತೆಗೆದುಕೊಂಡು ಹೋಗಿ ಕೂತೆ. ಎಡಗೈಯಲ್ಲಿ ಸಹಿ ಹಾಕಲು ಬಾರದೆ, ಕೈ ನೋವು ಅಂತ ಹೆಬ್ಬೆರಳು ಒತ್ತಿದೆ. ಶಾಲೆಯಲ್ಲಿ ನನ್ನ ಲೆಕ್ಕದ ಪರೀಕ್ಷೆಗೆ ನೀನು ಕೂತದ್ದು, ನಿನ್ನ ಹಲ್ಲು ಕೀಳಿಸಲು ಹೆದರಿ ನೀನು ಓಡಿಹೋದಾಗ ಆ ಕುರ್ಚಿಯಲ್ಲಿ ನಾನು ಬಾಯಿ ತೆರೆದು ಕೂತದ್ದು, ಅದೇ ಸಾಲಿಗೆ ಇದನ್ನೂ ಸೇರಿಸಿದ್ದೆ. ತಂಗಿಗೆ ಉಪಕಾರ ಮಾಡಿದೆ ಅಂದುಕೊಂಡು ಮರೆತೂ ಬಿಟ್ಟೆ.

ನಾವು ಮರೆತರೂ ಬೆರಳಚ್ಚಿನ ಯಂತ್ರ ಮರೆಯುವುದಿಲ್ಲ. ನಾಲ್ಕು ವರ್ಷದ ಹಿಂದೆ ಫ್ರಿಜ್ ಕಂತಿಗೆ ಕೊಳ್ಳುವಾಗ ಅದೇ ಹೆಬ್ಬೆರಳು ಒತ್ತಿದೆ. ಅವಳಿಗಳಾದರೂ ಬೆರಳಿನ ಗೆರೆ ಬೇರೆ ಬೇರೆ ಇರಬೇಕಲ್ಲವೇ? ಇಲ್ಲಿ ಹುಟ್ಟಿದ ದಿನ ಒಂದೇ, ಅಪ್ಪನ ಹೆಸರು ಒಂದೇ, ಬೆರಳೂ ಒಂದೇ. ಹೆಸರು ಬದಲಿಸಿಕೊಂಡಿದ್ದಾಳೆ ಅಂತ ತಿಳಿದು ಇಬ್ಬರನ್ನೂ ಒಬ್ಬಳನ್ನಾಗಿ ಮಾಡಿಬಿಟ್ಟಿದ್ದಾರೆ.

ಈಗ ಏನು ಮಾಡಲಿ? ನಿಜ ಹೇಳಿದರೆ ವೇಷ ಹಾಕಿ ಮೋಸ ಮಾಡಿದವಳು. ಅಂಥವಳಿಗೆ ಮಗು ಕೊಡುತ್ತಾರೆಯೇ? ಸುಮ್ಮನಿದ್ದರೆ ಸುಸ್ತಿದಾರಳು. ಅವಳಿಗೂ ಕೊಡುವುದಿಲ್ಲ. ಬಿಸಿ ತುಪ್ಪ, ಉಗುಳುವುದಕ್ಕೂ ಇಲ್ಲ, ನುಂಗುವುದಕ್ಕೂ ಇಲ್ಲ. ಮೂವತ್ತೆಂಟು ದಿನ ಉಳಿದಿದೆ. ನನಗೆ ಭಯವಾಗುತ್ತಿದೆ ಕಣೇ. ಇಡೀ ದಿನ ಅಂಗಡಿಯಲ್ಲಿ ಒಂದೇ ಗಾಜು ಉಜ್ಜಿ ಉಜ್ಜಿ ಒಡೆದೆ.

ಅಕ್ಕ


ಏಪ್ರಿಲ್ 19

ಅಕ್ಕ,

ಅಂತೂ ನೆನಪಾಯಿತಲ್ಲ. ನೇರವಾಗಿ ಹೇಳಬಾರದಿತ್ತೇ ಅಂತ ನೀನು ಕೇಳಿದ್ದೆ. ಆ ದಿನದ ಬಗ್ಗೆ ನಾನಾಗಿ ಬಾಯಿಬಿಟ್ಟು ಯಾರಿಗೂ ಹೇಳಿಲ್ಲ. ನಿನಗೂ ನಾನು ಹೇಳಿ ನೆನಪು ಮಾಡಬೇಕೇ ಅನ್ನಿಸಿತು. ಅಷ್ಟೇ.

ಇದರ ಜೊತೆ ಇನ್ನೊಂದು ಹೇಳಿಕೆ ಇದೆ. ನಾನೇ ಅಕ್ಕನನ್ನು ಬೇರೇನೋ ಕಾರಣ ಹೇಳಿ ಕರೆದುಕೊಂಡು ಹೋದೆ, ಅವಳಿಗೆ ಗೊತ್ತಿಲ್ಲದೆ ಹೆಬ್ಬೆರಳು ಒತ್ತಿಸಿಕೊಂಡೆ, ಅವಳದು ಏನೂ ತಪ್ಪಿಲ್ಲ ಅಂತ ಬರೆದಿದ್ದೇನೆ. ಸಹಿ ಹಾಕಿದ್ದೇನೆ. ಕೊಡು. ಏನಾದರೂ ಆದರೆ ನನಗೆ ಆಗಲಿ. ಒಳಗೆ ಹಾಕಿದರೆ ಅಲ್ಲೂ ಬಟ್ಟೆ ಒಗೆಯಲು ಹೇಳುತ್ತಾರೆ, ಇಲ್ಲೂ ಅದೇ.

ದೊಡ್ಡ ತ್ಯಾಗ ಅಂದುಕೊಳ್ಳಬೇಡ. ನನ್ನ ಹತ್ತಿರ ಕಳೆದುಕೊಳ್ಳುವುದಕ್ಕೆ ಏನೂ ಇಲ್ಲ. ವಸೂಲಿಯವರು ಯಂತ್ರಗಳನ್ನು ಲಾರಿಗೆ ಹಾಕಿದ ದಿನ ಬೀದಿಯಲ್ಲಿ ಎಲ್ಲರೂ ನೋಡುತ್ತಿರುವಾಗ, "ನಿನ್ನ ಕೈಗೆ ಸಿಕ್ಕಿದ್ದು ಯಾವ್ದೂ ಉಳಿಯಲ್ಲ" ಅಂತ ನೀನೇ ಹೇಳಿದ್ದೆ. ಯಂತ್ರದ ಬಗ್ಗೆ ಹೇಳಿದೆ ಅಂತ ನಿನಗೆ ಅನ್ನಿಸಿರಬಹುದು. ನಾನು ಹೊಟ್ಟೆಯಲ್ಲಿದ್ದ ಎರಡನೆಯ ಮಗುವನ್ನೂ ಕಳೆದುಕೊಂಡು ಆಗ ನಾಲ್ಕು ವಾರ ಆಗಿತ್ತು. ಯಾರಿಗೂ ಹೇಳಿರಲಿಲ್ಲ.

ಗುಬ್ಬಿ ನಿನ್ನ ಕೈಗೆ ಬರಲಿ.

ತಂಗಿ


ಮೇ 1

ತಂಗೀ,

ಹತ್ತು ದಿನದಿಂದ ಬರೆಯಲು ಕೂರುತ್ತಿದ್ದೇನೆ, ಏಳುತ್ತಿದ್ದೇನೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ಅಮ್ಮ ಹೇಳಿದ್ದು ಸಾವಿರ ಸಲ ಕೇಳಿದ್ದೇನೆ. ನಾಲಿಗೆಗೆ ಮಾತ್ರ ಅದು ಕೇಳಿಸಲೇ ಇಲ್ಲ. ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅನ್ನುವುದೂ ಒಂದು ನೆಪವೇ. ಗೊತ್ತಿಲ್ಲದಿದ್ದರೂ ಆಡುವ ಮಾತಲ್ಲ ಅದು.

ನಿನ್ನ ಹೇಳಿಕೆ ನನ್ನ ಚೀಲದಲ್ಲಿದೆ. ದಿನಕ್ಕೆ ನಾಲ್ಕು ಸಲ ತೆಗೆದು ನೋಡುತ್ತೇನೆ. ಕೊಟ್ಟರೆ ಮಗು ಸಿಗುತ್ತದೆ. ಇದನ್ನು ನಿನಗೆ ಹೇಳದೆ ಇರಬಾರದು: ಕೊಡೋಣ ಅಂತ ಎರಡು ಸಲ ಅಂಚೆ ಡಬ್ಬಿಯವರೆಗೆ ಹೋಗಿದ್ದೇನೆ.

ನಾವಿಬ್ಬರು ಬೇರೆ ಬೇರೆ ಅಂತಷ್ಟೇ ಬರೆದು ದಾಖಲೆ ತಿದ್ದಲು ಕೇಳಿದ್ದಕ್ಕೆ ಕಂಪನಿಯ ಆ ಅಧಿಕಾರಿ ಉತ್ತರ ಬರೆದಿದ್ದಾರೆ. ಮೇ 11, ಶನಿವಾರ, ಹನ್ನೊಂದು ಗಂಟೆಗೆ ನಾವಿಬ್ಬರೂ ಗುರುತಿನ ಚೀಟಿಯೊಂದಿಗೆ ಖುದ್ದಾಗಿ ಬಂದರೆ ದಾಖಲೆ ಬೇರೆ ಮಾಡುವ ಬಗ್ಗೆ ವಿಚಾರ ಮಾಡುತ್ತಾರಂತೆ. ಬಸ್ಸಿನ ದುಡ್ಡು ಇದರಲ್ಲಿಟ್ಟಿದ್ದೇನೆ, ವಾಪಸು ಕಳಿಸಿ ನನ್ನನ್ನು ಸಾಯಿಸಬೇಡ. ಬಾ.

ಅಕ್ಕ


ಮೇ 21

ತಂಗೀ,

ಹನ್ನೊಂದನೇ ತಾರೀಕು ಕಚೇರಿಯ ಕೆಲಸ ಮುಗಿದ ಕೂಡಲೇ ನೀನು ಬಸ್ಸು ಹತ್ತಿಬಿಟ್ಟೆ. ಅಷ್ಟು ಸೊರಗಿದ್ದೀಯ ಅಂತ ಕಾಗದದಲ್ಲಿ ಗೊತ್ತಾಗುವುದಿಲ್ಲ.

ಅಧಿಕಾರಿಯ ಮೇಜಿನ ಆ ಸಣ್ಣ ಬೆರಳಚ್ಚಿನ ಯಂತ್ರದ ಮೇಲೆ ನೀನು ಮೂರು ಸಲ ಹೆಬ್ಬೆರಳು ಇಟ್ಟೆ, ಮೂರು ಸಲವೂ ಅದು ಕೆಂಪಾಯಿತು. ಲಾಂಡ್ರಿಯ ಸೋಡಾದಲ್ಲಿ ಗೆರೆಗಳೇ ಸವೆದುಹೋಗಿವೆ ಅಂತ ನೀನು ನಗುತ್ತ ಹೇಳಿದೆ. ನನಗೆ ನಗು ಬರಲಿಲ್ಲ. ನೀನು ಬೇರೆಯವಳು ಅನ್ನುವುದಕ್ಕೆ ಸಾಕ್ಷಿ ಬೇಕು ಅಂತ ಅಧಿಕಾರಿ ಅಂದಾಗ ನಾನು ಚೀಲಕ್ಕೆ ಕೈ ಹಾಕಿದೆ. ನಿನ್ನ ಹೇಳಿಕೆ ಬೆರಳಿಗೆ ತಗುಲಿತು. ಹೊರಗೆ ತೆಗೆಯಲಿಲ್ಲ. "ಅವಳ ಜಾಗದಲ್ಲಿ ಕೂತಿದ್ದು ನಾನೇ ಸರ್, ಅವಳು ಬೇಡ ಅಂದಿದ್ಲು" ಅಂದುಬಿಟ್ಟೆ. ನೀನು ತಿರುಗಿ ನನ್ನನ್ನು ನೋಡಿದೆ. ಆಮೇಲೆ ನೀನು ಮಡಿಚಿ ಮಡಿಚಿ ಹಳದಿಯಾದ ಆ ಆಸ್ಪತ್ರೆಯ ಚೀಟಿಯನ್ನು ಮೇಜಿನ ಮೇಲಿಟ್ಟೆ. ಸಾಲ ತೆಗೆದ ದಿನ ನೀನು ಹಾಸಿಗೆಯಲ್ಲಿದ್ದೆ ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ. ಒಂಬತ್ತು ವರ್ಷ ಇಟ್ಟುಕೊಂಡಿದ್ದೆಯಾ ತಂಗೀ? ಅವರು ಅದನ್ನು ನಕಲು ಮಾಡಲು ಒಳಗೆ ಒಯ್ದಾಗ ನೀನು ಬಾಗಿಲನ್ನೇ ನೋಡುತ್ತಿದ್ದೆ, ಅವರು ಅದನ್ನು ತಂದುಕೊಡುವವರೆಗೂ.

ಇಂದು ಬೆಳಿಗ್ಗೆ ಕಂಪನಿಯ ಕಾಗದ ಬಂದಿದೆ. ದಾಖಲೆ ತಿದ್ದಲಾಗಿದೆಯಂತೆ, ಇಬ್ಬರ ಕಡತ ಬೇರೆ ಮಾಡಲಾಗಿದೆಯಂತೆ. ನೀನು ಅಂದೇ ಸಾಲವನ್ನು ಸಣ್ಣ ಕಂತಿನಲ್ಲಿ ತೀರಿಸಲು ಒಪ್ಪಿ ಸಹಿ ಹಾಕಿದ್ದರಿಂದ ಸಾಲ ಕೊಟ್ಟವರು ಪೊಲೀಸರವರೆಗೆ ಹೋಗುವುದಿಲ್ಲವಂತೆ.

ಮಂಡಳಿಯ ಸಭೆ ನಿನ್ನೆಯೇ ಮುಗಿಯಿತು. ಒಂದು ದಿನ.

ನಿಜವನ್ನು ಅಲ್ಲೂ ಹೇಳಿದೆ. ಐದು ಜನ ಕೂತಿದ್ದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ದಾಖಲೆ ಇನ್ನೂ ವಿವಾದದಲ್ಲಿದೆ, ಅದನ್ನು ಮುಂದಕ್ಕೆ ನೋಡಬಹುದಿತ್ತು ಅಂದರು. ಆದರೆ ಮಗು ನನ್ನನ್ನು ಹಚ್ಚಿಕೊಂಡಿದೆ ಅನ್ನುವುದಕ್ಕೆ ಕಡತದಲ್ಲಿ ಒಂದು ಸಾಲೂ ಇಲ್ಲವಂತೆ. "ಮಗು ನಿಮ್ಮನ್ನ ಏನಂತ ಕರೆಯುತ್ತೆ?" ಅಂತ ಒಬ್ಬಾಕೆ ಕೇಳಿದಳು. "ಕರೆಯಲ್ಲ, ತೋಳು ಎಳೀತಾಳೆ" ಅಂದೆ. ಅವಳು ಅದನ್ನು ಬರೆದುಕೊಂಡಳು. ಅರ್ಜಿ ತಿರಸ್ಕೃತ. ಮೂವತ್ತು ದಿನದೊಳಗೆ ಮೇಲ್ಮನವಿ ಹಾಕಬಹುದು, ಆಮೇಲೆ ಗುಬ್ಬಿ ಮುಂದಿನ ದಂಪತಿಗೆ.

ಮೇಲ್ಮನವಿಯಲ್ಲಿ ಏನು ಬರೆಯಲಿ? ಹದಿನಾರು ಭಾನುವಾರ ಅವಳು ನನ್ನನ್ನು ನೋಡಿಲ್ಲ. ಇಷ್ಟರಲ್ಲಿ ಮುಖವೂ ಮರೆತಿರುತ್ತದೆ. ನಿನ್ನ ಭಾವ ಅಡುಗೆಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಅಳುತ್ತಿದ್ದಾರೆ, ನನಗೆ ಕೇಳಿಸುವುದಿಲ್ಲ ಅಂದುಕೊಂಡಿದ್ದಾರೆ. ನಿನ್ನ ಹೇಳಿಕೆಯನ್ನು ಇದರ ಜೊತೆ ವಾಪಸು ಕಳಿಸಿದ್ದೇನೆ, ಸುಟ್ಟುಬಿಡು. ನನ್ನ ಕೈಗೆ ಸಿಕ್ಕಿದ್ದೂ ಉಳಿಯಲಿಲ್ಲ ನೋಡು.

ಅಕ್ಕ


ಮೇ 26

ಅಕ್ಕ,

ಸುಟ್ಟೆ. ಈಗ ನನ್ನದೊಂದು ತಪ್ಪು ಹೇಳುತ್ತೇನೆ, ಪೂರ್ತಿ ಓದಿ ಆಮೇಲೆ ಬೈ. ಇದನ್ನು ಹೇಳಿದರೆ ನಿನ್ನ ಕೆಲಸ ಕೆಡುತ್ತದೆ ಅಂತ ಹೆದರಿ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ.

ಅಂದು ನಾನು ಬಸ್ಸು ಹತ್ತಿದ್ದನ್ನು ನೀನು ನೋಡಿದೆ. ಆದರೆ ನಾನು ಮುಂದಿನ ಸ್ಟಾಪಿನಲ್ಲೇ ಇಳಿದೆ. ಕಚೇರಿಯಲ್ಲಿ ಚಳಿಯಾಗುತ್ತಿದೆ ಅಂತ ನೀನು ಹೊದಿಸಿದ ನಿನ್ನ ಬೂದು ಸ್ವೆಟರ್ ನನ್ನ ಮೈಮೇಲೇ ಉಳಿದಿತ್ತು. ಮರುದಿನ ಭಾನುವಾರ. ನಿನ್ನ ಹಾಗೆ ಬೈತಲೆ ತೆಗೆದುಕೊಂಡು ಮಕ್ಕಳ ಮನೆಗೆ ಹೋದೆ. ನೀನು ಒಮ್ಮೆ ನನ್ನ ಜಾಗದಲ್ಲಿ ಕೂತಿದ್ದೆಯಲ್ಲ, ನಿನ್ನ ಜಾಗದಲ್ಲಿ ನಿಂತು ಮೇಲ್ವಿಚಾರಕಿಯನ್ನು ನಾನೊಮ್ಮೆ ಬೇಡಿಕೊಳ್ಳೋಣ ಅಂದುಕೊಂಡೆ. ನಮಗೆ ಬುದ್ಧಿ ಬರುವ ವಯಸ್ಸು ಯಾವುದೋ ಗೊತ್ತಿಲ್ಲ.

ಮೇಲ್ವಿಚಾರಕಿ ನನ್ನನ್ನು ನೀನೇ ಅಂದುಕೊಂಡಳು. "ಎಷ್ಟು ಸೊರಗಿದ್ದೀರಲ್ಲಮ್ಮ. ಬರಬಾರ್ದು ಅಂತ ಗೊತ್ತಲ್ವಾ? ಹೋಗ್ಲಿ, ಐದೇ ನಿಮಿಷ" ಅಂದು ಒಳಗೆ ಬಿಟ್ಟಳು. ಗುಬ್ಬಿಯನ್ನು ಕರೆದಳು. ಅವಳು ಓಡುತ್ತಲೇ ಬಂದಳು ಅಕ್ಕ. ನಾಲ್ಕು ಹೆಜ್ಜೆ ದೂರದಲ್ಲಿ ನಿಂತುಬಿಟ್ಟಳು. ನನ್ನ ಮುಖ ನೋಡಿದಳು, ಕೈ ನೋಡಿದಳು, ಚೀಲದ ಕಡೆ ನೋಡಲೇ ಇಲ್ಲ. ಮೇಲ್ವಿಚಾರಕಿಯ ಕಡೆ ತಿರುಗಿ, "ಇದು ನಮ್ಮಮ್ಮ ಅಲ್ಲ" ಅಂದಳು.

"ಸರಿಯಾಗಿ ನೋಡು ಪುಟ್ಟಾ" ಅಂದಳು ಆಕೆ.

"ಅಲ್ಲ. ನಮ್ಮಮ್ಮ ಎಲ್ಲಿ?"

ನಾನು ಅಲ್ಲೇ ಬೆಂಚಿನ ಮೇಲೆ ಕುಸಿದು ಎಲ್ಲವನ್ನೂ ಹೇಳಿದೆ. ಆಕೆ ಚೆನ್ನಾಗಿ ಬೈದಳು. ಆಮೇಲೆ ಕಂಕುಳಿಂದ ಪುಸ್ತಕ ತೆಗೆದು, ಗಡಿಯಾರ ನೋಡಿ ಬರೆದಳು. ಓದಿ ಹೇಳಿ ನನ್ನ ಸಹಿ ಹಾಕಿಸಿಕೊಂಡಳು. ನನಗೆ ಬಾಯಿಪಾಠವಾಗಿದೆ: "ಮೇ 12, ಬೆಳಿಗ್ಗೆ 10.20. ಅರ್ಜಿದಾರರ ಅವಳಿ ಸೋದರಿ ಅವರಂತೆಯೇ ಬಂದಿದ್ದರು. ನನಗೆ ಗೊತ್ತಾಗಲಿಲ್ಲ. ಮಗು ಕೂಡಲೇ ಗುರುತಿಸಿ, ಇದು ನಮ್ಮಮ್ಮ ಅಲ್ಲ ಎಂದಿತು. ಅಮ್ಮ ಎಲ್ಲಿ ಎಂದು ಎರಡು ಸಲ ಕೇಳಿತು. ಕೊಟ್ಟ ಬಿಸ್ಕತ್ತನ್ನು ಮುಟ್ಟಲಿಲ್ಲ."

ಆ ಪುಸ್ತಕ ಮಕ್ಕಳ ಮನೆಯ ಕಪಾಟಿನಲ್ಲಿದೆ, ಮಂಡಳಿಯವರ ಕಡತಕ್ಕೆ ಹೋಗಿಲ್ಲ. ನಿನ್ನ ಬಗ್ಗೆ ಬರೆದಿಟ್ಟದ್ದನ್ನು ಕೇಳಿ ಪಡೆಯುವ ಹಕ್ಕು ನಿನಗಿದೆ ಅಂತ ನೀನೇ ಬರೆದಿದ್ದೆ. ಕೆಳಗಿನ ಮನೆಯ ಅಜ್ಜಿಯ ಹತ್ತಿರ ಇವತ್ತೇ ಅರ್ಜಿ ಟೈಪ್ ಮಾಡಿಸು. ಮೇಲ್ಮನವಿಗೆ ಇನ್ನೂ ಇಪ್ಪತ್ತನಾಲ್ಕು ದಿನ ಇದೆ. ಬೇಡಿಕೊಳ್ಳಬೇಡ, ಕೇಳು.

ಅದರಲ್ಲಿ ತಿದ್ದಿಸುವಂಥದ್ದು ಏನೂ ಇಲ್ಲ.

ತಂಗಿ